ಮಹಾಗಣಪತಿಯ ಉಪ್ಪುಸೊಳೆ

ಸಂತೆಗುಳಿಯ ಮಹಾಗಣಪತಿ ಭಟ್ಟನ ಕೈಯಡುಗೆಗೆ ಕುಮಟಾದಿಂದ ಭಟ್ಕಳದವರೆಗೂ ಹೆಸರು. ಎಲೆಯ ಮುಂದೆ ಕೂತು ಬೆರಳು ಚೀಪುವವರಿಗೇನೂ ಕಡಿಮೆಯಿಲ್ಲ, ಹೆಣ್ಣು ಕೊಡುವವರಿಗೆ ಮಾತ್ರ ಬರಗಾಲ. ಅಡುಗೆಯವನೆಂದ ಕೂಡಲೇ ಹೆಣ್ಣಿನ ಅಪ್ಪಂದಿರು ಚಾ ಕುಡಿದು, ಜಾತಕ ಕೂಡಿಬರಲಿಲ್ಲವೆಂದು ಎದ್ದುಬಿಡುವರು. ಜಾತಕಕ್ಕೂ ಸೌಟಿಗೂ ಎಂಥ ಹಗೆಯೋ, ದೇವರೇ ಬಲ್ಲ! ಮೂವತ್ತೈದು ದಾಟಿದ ಮಹಾಗಣಪತಿಗೆ ಇದು ಒಳಗೊಳಗೇ ನೋಯುತ್ತಿತ್ತು.

ಹಳದೀಪುರದಲ್ಲೊಂದು ಗೃಹಪ್ರವೇಶದ ಅಡುಗೆ ಒಪ್ಪಿಕೊಂಡಾಗ ಮನೆಯ ಯಜಮಾನ ಕಿವಿಯಲ್ಲೊಂದು ಮಾತು ಹಾಕಿದ: ಕುಮಟಾದಿಂದ ತನ್ನ ಅಣ್ಣ ಬರುತ್ತಾನೆ, ಮಗಳಿಗೆ ಗಂಡು ಹುಡುಕುತ್ತಿದ್ದಾನೆ, ಉಪ್ಪುಸೊಳೆ ಪಲ್ಯವೆಂದರೆ ಅವನಿಗೆ ಪ್ರಾಣ. ಇನ್ನೇನು ಬೇಕು? ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಮಹಾಗಣಪತಿ ಮನೆಯಿಂದಲೇ ಹೊತ್ತು ತಂದ. ಸಂತೆಗುಳಿಯಲ್ಲಾದರೆ ಸೊಳೆಯನ್ನು ಬುಟ್ಟಿಗೆ ತುಂಬಿ, ಗುಡ್ಡದಿಂದ ಬೀಳುವ ಅಬ್ಬಿನೀರಿನ ಕೆಳಗೆ ಇಟ್ಟರಾಯಿತು, ಉಪ್ಪು ತಾನಾಗಿ ಹೋಗುತ್ತದೆ. ಹಳದೀಪುರದಲ್ಲಿ ಅಬ್ಬಿ ಎಲ್ಲಿ? ನೀರಾದರೆ ಸರಿ ಎಂದು ಹಿಂದಿನ ಸಂಜೆಯೇ ಪಾತ್ರೆಯಲ್ಲಿ ನೆನೆಹಾಕಿದ.

ಬೆಳಿಗ್ಗೆ ಬಾಯಿಗೆ ಹಾಕಿದರೆ ಸಮುದ್ರವನ್ನೇ ನೆಕ್ಕಿದಂತಿತ್ತು. ಪಾತ್ರೆ ಹೊತ್ತು ಹಿತ್ತಲ ಬಾವಿಕಟ್ಟೆಗೆ ಓಡಿದ. ಅಲ್ಲಿಗೆ ಬಂದ ಹೆಣ್ಣುಮಗಳೊಬ್ಬಳು ಎಂತಾತು ಎಂದು ಕೇಳಿದಳು. ಇಷ್ಟು ನೆನೆದರೂ ಉಪ್ಪು ಬಿಡದ ಹಾಳು ಸೊಳೆ ಎಂದು ಇವನು ಸಿಡುಕಿದ. ಅವಳು ಪಾತ್ರೆಯ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟು ನಕ್ಕಳು.

“ಹೊರಗಿನ ನೀರೂ ಅಷ್ಟೇ ಉಪ್ಪಾಯ್ದಲ್ಲ. ಎರಡೂ ಕಡೆ ಸಮ ಆದ್ಮೇಲೆ, ಸೊಳೆಯಿಂದ ಹೋದಷ್ಟೇ ಉಪ್ಪು ವಾಪಸ್ ಬತ್ತು.”

ಸೊಳೆಯೆಂದರೆ ಕಣ್ಣಿಗೆ ಕಾಣದಷ್ಟು ಪುಟ್ಟ ಕೋಣೆಗಳ ಮನೆ, ಜೀವಕೋಶ ಎಂದರೆ ಅವೇ, ಎಂದು ವಿವರಿಸಿದಳು. ಜೀವವಿದ್ದಾಗ ಕೋಶ ಬಾಗಿಲು ಕಾಯುತ್ತದೆ, ಬೇಕಾದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ತಡೆಯುತ್ತದೆ. ಉಪ್ಪಿನಲ್ಲಿ ಸತ್ತ ಕೋಶಕ್ಕೆ ಕಾವಲಿಲ್ಲ. ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಉಪ್ಪು ನಡೆದುಬಿಡುತ್ತದೆ. ಅಬ್ಬಿನೀರು ಅದನ್ನು ಕೊಂಡೊಯ್ಯುತ್ತ ಹೊರಗನ್ನು ಸದಾ ಸಪ್ಪೆಯಾಗಿಡುತ್ತದೆ, ನಿಂತ ನೀರಿಗೆ ಅದು ಸಾಧ್ಯವಿಲ್ಲ.

ಇನ್ನೊಬ್ಬ ಭಟ್ಟನಾಗಿದ್ದರೆ ನನಗೇ ಪಾಠವೇ ಎಂದು ಸೌಟು ಎತ್ತುತ್ತಿದ್ದ. ಮಹಾಗಣಪತಿ ಪಾತ್ರೆ ಬಗ್ಗಿಸಿ ಉಪ್ಪುನೀರು ಚೆಲ್ಲಿದ. ಸೊಳೆಯನ್ನು ಸಣ್ಣಗೆ ಹೆಚ್ಚಿದ. ಅವಳು ಸೆರಗು ಸಿಕ್ಕಿಸಿ ನೀರು ಸೇದಿದಳು. ನೀರು ಬದಲಿಸಿ, ರುಚಿ ನೋಡಿ, ಮತ್ತೆ ಬದಲಿಸಿ, ಅಂತೂ ಸೊಳೆ ನಾಲಿಗೆಗೆ ಹಿತವಾಗುವಷ್ಟರಲ್ಲಿ ಇಬ್ಬರೂ ತೊಯ್ದು ತೊಪ್ಪೆಯಾಗಿ ನಗುತ್ತಿದ್ದರು.

ಪಲ್ಯದ ಪಾತ್ರೆ ಎರಡನೇ ಪಂಕ್ತಿಗೇ ತಳ ಕಂಡಿತು. ಯಜಮಾನನ ಅಣ್ಣ ವೆಂಕಟ್ರಮಣ ಹೆಗಡೆಯವರು ಹೊಗಳುತ್ತಲೇ ಹಿತ್ತಲಿಗೆ ಬಂದು, ಜೊತೆಗಿದ್ದ ಮಗಳನ್ನು ತೋರಿಸಿದರು: ಅಮೂಲ್ಯಾ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಬಾವಿಕಟ್ಟೆಯವಳೇ! ಮಹಾಗಣಪತಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಪಲ್ಯ ಕೆಡದೆ ಉಳಿದದ್ದು ಅವಳ ಬುದ್ಧಿಯಿಂದ ಎಂದು ಒದರಿಬಿಟ್ಟ. ಹಿಂದೆಯೇ ಬಂದ ಯಜಮಾನ ಸಂಬಂಧದ ಮಾತೆತ್ತಿದ. ಹೆಗಡೆಯವರು, ಹುಡುಗ ಒಳ್ಳೆಯವನೇ, ಆದರೆ ಅಡುಗೆ ಕೆಲಸ ನೋಡು ಎಂದು ರಾಗ ಎಳೆದರು. ಅವನಿಗೆ ಅಳುವೇ ಬಂದಂತಾಯಿತು.

“ಅಪ್ಪಯ್ಯ, ತಪ್ಪು ತೋರ್ಸಿದ್ದಕ್ಕೆ ಸಿಟ್ಟು ಮಾಡದ್ದೇ ನೀರು ಬದ್ಲಿಸ್ದ,” ಎಂದಳು ಅಮೂಲ್ಯಾ. “ಇಂಥ ಗಂಡು ಇನ್ನೆಲ್ಲಿ ಸಿಕ್ತ? ನಂಗೆ ಒಪ್ಪಿಗೆ ಇದ್ದು.”