ಪಂಚಮಿಯ ದಿನ ಹಾಕಿದ ಹೊಸ ರಾಕರ್

ನಮ್ಮ ಮಾವನವರಿಗೆ ಸೊಲ್ಲಾಪುರದಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಊರಿಗೆಲ್ಲ ಹೊಸ ಸಾಮಾನು ಮಾರುತ್ತಿದ್ದ ಪುಣ್ಯಾತ್ಮರು ತಮ್ಮ ಮನೆಯೊಳಗೆ ಮಾತ್ರ ಒಂದು ಹೊಸ ಮೊಳೆಯನ್ನೂ ಬರಗೊಡುತ್ತಿರಲಿಲ್ಲ. ಕೇಳಿದರೆ, "ರಿಪೇರಿ ಮಾಡಾಂವ ಮನಷ್ಯಾ, ಬದಲಿ ಮಾಡಾಂವ ಗಿರಾಕಿ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಮದುವೆಯಾದ ಮೇಲೆ ನನ್ನ ಮೊದಲ ನಾಗರ ಪಂಚಮಿ. ಹಿಂದಿನ ದಿನ ನನ್ನನ್ನು ಕರೆದೊಯ್ಯಲು ಅಕ್ಕಲಕೋಟೆಯಿಂದ ಅಣ್ಣ ಹಳೆಯ ಜೀಪು ತಂದ. ಪಂಚಮಿಗೆ ತವರಲ್ಲಿರಬೇಕು, ಅವ್ವನ ಜೊತೆ ಹುತ್ತಕ್ಕೆ ಹಾಲೆರೆಯಬೇಕು: ತಿಂಗಳಿಂದ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಜೀಪು ಬಾಗಿಲಿಗೆ ಬರುತ್ತಲೇ ಮಾವ ಚಹಾದ ಬಸಿ ಕೆಳಗಿಟ್ಟು ಕಿವಿ ನಿಮಿರಿಸಿದರು. ಇಂಜಿನ್ನಿನಿಂದ ಟಿಕ್ ಟಿಕ್ ಟಿಕ್ ಸಪ್ಪಳ.

"ಟ್ಯಾಪೆಟ್ ಬಡೀಲಿಕತ್ತದಲ್ಲೋ ತಮ್ಮಾ!"

"ಅದು ಮೊದಲಿಂದನೂ ಹಂಗ ಬಡೀತದರಿ ಮಾವಾರ. ನಡೀತದ."

ನಡೆಯುತ್ತದೆ ಎಂದರೆ ಕೇಳುವ ಜೀವವೇ ಅದು? ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿಯೇಬಿಟ್ಟರು. ವಾಲ್ವಿನ ತಲೆಯ ಮೇಲೆ ಕುಟ್ಟಿ ಕುಟ್ಟಿ ಅದನ್ನು ತೆರೆಸುವ ಬೆರಳುದ್ದದ ಕಬ್ಬಿಣಕ್ಕೆ ರಾಕರ್ ಎನ್ನುತ್ತಾರೆ. ಒಂದು ರಾಕರಿನ ಮೂತಿ ಸವೆದು ಕುಳಿ ಬಿದ್ದಿತ್ತು; ಟಿಕ್ ಟಿಕ್ ಸಪ್ಪಳ ಅದರದೇ. ಹೊಸದು ಹಾಕೋಣ ಎಂದ ಅಣ್ಣನನ್ನು ಮಾವ ಹುಚ್ಚನನ್ನು ನೋಡಿದಂತೆ ನೋಡಿ, ಸಾಣೆಕಲ್ಲು ತಂದು ಕೂತರು. ಎರಡು ಸಲ ಉಜ್ಜುವುದು, ಕಣ್ಣಿಗೆ ಹಿಡಿಯುವುದು, ಮತ್ತೆ ಉಜ್ಜುವುದು. ದೀಪ ಹಚ್ಚುವ ಹೊತ್ತಾಯಿತು, ಊಟದ ಹೊತ್ತೂ ಆಯಿತು. "ಇನ್ನ ಜರಾ ಅದ" ಎನ್ನುತ್ತಲೇ ಮಲಗಿದರು. ನಾನು ಕಟ್ಟಿಟ್ಟ ಗಂಟನ್ನು ತಲೆದಿಂಬು ಮಾಡಿಕೊಂಡು ಅವರನ್ನು ಮನಸಾರೆ ಬೈದೆ.

ಬೆಳಿಗ್ಗೆ ಎದ್ದು ಮತ್ತೆ ಕಲ್ಲು ಹಿಡಿದರು. ಅತ್ತೆ ಅಡುಗೆಮನೆಯಿಂದ ಓಡಿಬಂದರು. ನಮ್ಮಲ್ಲಿ ಪಂಚಮಿಯ ದಿನ ಕಾಯಿಪಲ್ಲೆ ಹೆಚ್ಚುವಂತಿಲ್ಲ, ಅರೆಯುವಂತಿಲ್ಲ, ಒಲೆಗೆ ಹಂಚು ಇಡುವಂತಿಲ್ಲ.

"ಇವತ್ತ ಏನೂ ತಿಕ್ಕಬಾರದು, ಅರೀಬಾರದು. ಕಲ್ಲ ಇಡ್ರಿ ಕೆಳಗ!"

"ಏ, ಇದು ಕಬ್ಬಿಣ. ನಾಗಪ್ಪಗ ಏನ ನೋವಾಗ್ತದ?"

"ತಿಕ್ಕಿ ನೋಡ್ರಿ. ನಿಮಗ ಇವತ್ತ ತಾಟ ಬಡಸೂದಿಲ್ಲ."

ಮಾವ ಕಲ್ಲು ಇಟ್ಟರು. "ಹಂಗಾರ ನಾಳಿ ತಿಕ್ಕಿ ಕೊಡ್ತೀನಿ. ಒಂದ ದಿನದಾಗ ಏನಾಗ್ತದ?"

ಏನಾಗುತ್ತದೆ! ಹಬ್ಬ ಮುಗಿದ ಮೇಲೆ ತವರಿಗೆ ಹೋಗಿ ಜೋಕಾಲಿಯ ಹಗ್ಗ ಸುತ್ತಿಡಲೇ? ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಸವೆದ ರಾಕರ್ ಎತ್ತಿಕೊಂಡು ಹೋಗಿ ಅಂಗಡಿಯ ಬೀಗ ತೆಗೆದರು. ಅದಕ್ಕೆ ಹಚ್ಚಿ ನೋಡಿ, ಅಂಥದ್ದೇ ಹೊಚ್ಚ ಹೊಸದೊಂದನ್ನು ತಂದು ಗಂಡನ ಕೈಗೆ ಹಾಕಿದರು.

"ತಿಕ್ಕಾಕ ಬ್ಯಾಡ ಅಂತಾನ ನಾಗಪ್ಪ. ಬದಲಿ ಮಾಡಾಕ ಅಡ್ಡಿ ಇಲ್ಲ."

ಮಾವ ಔಡಲೆಣ್ಣೆ ಕುಡಿದವರ ಮುಖ ಮಾಡಿಕೊಂಡು ಅದನ್ನು ಕೂಡಿಸಿದರು. "ಹೊಸಾದರ ಭರೋಸಾ ಇಲ್ಲ" ಎಂದು ತಾವೂ ಜೀಪು ಹತ್ತಿದರು. ದಾರಿಯುದ್ದಕ್ಕೂ ಕಿವಿ ಮುಂದೆ ಚಾಚಿ ಕೂತಿದ್ದರು. ಟಿಕ್ ಎಂಬ ಸದ್ದೊಂದೂ ಬರಲಿಲ್ಲ. ಊರು ಹತ್ತಿರವಾದಂತೆ ಅವರ ಮೋರೆ ಇನ್ನಷ್ಟು ಇಳಿಯಿತು.

ತವರಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಅವ್ವ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಬರಿದಾದ ಹಾಲಿನ ತಂಬಿಗೆ. "ಅವ್ವಾ" ಎಂದೆ. ತಿರುಗಿದವಳು ನನ್ನನ್ನು ಬಿಟ್ಟು ಅಣ್ಣನ ಮೇಲೆ ಹರಿಹಾಯ್ದಳು.

"ಸಪ್ಪಳ ಎಲ್ಲಿ ಹೋತೋ ನಿನ್ನ ಜೀಪಿಂದು? ನಿನ್ನಿಯಿಂದ ಕಿವಿ ಕೊಟ್ಟ ಕುಂತೀನಿ. ಬರೂದಿಲ್ಲ ಅಂತ ಇಕಿ ಪಾಲಿನ ಹಾಲೂ ನಾನ ಎರದ ಬಂದೆ!"

ನನ್ನ ಹಿಂದೆ ನಿಂತಿದ್ದ ಮಾವನ ಮುಖ ಅರಳಿತು. "ನಾ ಬಡಕೊಂಡೆರಿ ಬೀಗತಿಯರ, ಹಳೇದನ್ನ ಇಡೂಣು ಅಂತ. ಯಾರ ಕೇಳ್ತಾರ?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಂಬಿಗೆಗೆ ಮತ್ತೆ ಹಾಲು ಹಾಕಿ ನನ್ನ ಕೈಗಿಟ್ಟಳು.

"ನಡಿ. ಇವತ್ತ ನಾಗಪ್ಪ ನಿನ್ನ ಪಾಲ ಎರಡ ಸಲ ಕುಡೀಲಿ."