ಮುಳ್ಳಣ್ಣನವರು ಕೇಳಿದ ಹಾಡು

ನಮ್ಮ ಬಾನುಲಿ ಕೇಂದ್ರದ ಹೆಸರು ಮನೆಮನೆಗೂ ತಲುಪಿದ್ದಕ್ಕೆ ಹಾಡುವವರೂ ಮಾತನಾಡುವವರೂ ಕಾರಣರೆಂದು ಲೋಕ ನಂಬಿದೆ. ಅವರ ಧ್ವನಿ ದಾರಿಯಲ್ಲಿ ಎಡವದಂತೆ ಮೂರು ದಶಕ ಕಾದವರು ಈಗ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತಂತ್ರಜ್ಞರು. ಧ್ವನಿಯ ಮಟ್ಟ ತೋರಿಸುವ ಮೀಟರಿನ ಮುಳ್ಳಿನಿಂದ ಕಣ್ಣು ಕೀಳದ ಅವರನ್ನು ನಾವೆಲ್ಲ ಮುಳ್ಳಣ್ಣ ಎಂದೇ ಕರೆಯುತ್ತಿದ್ದೆವು. ಅದಕ್ಕೆ ಅವರೆಂದೂ ಬೇಸರಪಟ್ಟವರಲ್ಲ.

ನಾನು ಸೇರಿದ ವರ್ಷ ನನ್ನ ತಂದೆ ಆಸ್ಪತ್ರೆ ಸೇರಿದಾಗ, ವಾರವಿಡೀ ನನ್ನ ಪಾಳಿಯನ್ನೂ ತಾವೇ ಮಾಡಿದರು. ಕೃತಜ್ಞತೆ ಹೇಳಹೋದರೆ, ಟ್ರಾನ್ಸ್‌ಮಿಟರಿನ ಫ್ಯಾನು ಕಿರುಗುಟ್ಟುತ್ತಿದೆ, ಮೊದಲು ಎಣ್ಣೆ ಬಿಡು ಎಂದು ಮಾತು ಹಾರಿಸಿದರು.

ಅವರ ಪತ್ನಿ ನಮ್ಮಲ್ಲೇ ಹಾಡುತ್ತಿದ್ದರು, ನಮಗೆಲ್ಲ ಅತ್ತಿಗೆ. ಪ್ರತಿ ಸಲ ಹಾಡಿ ಬಂದು ಹೇಗಿತ್ತೆಂದು ಕೇಳಿದರೆ, ಮುಳ್ಳು ಕೆಂಪು ಗೆರೆ ದಾಟಲಿಲ್ಲ ಎಂಬುದೇ ಗಂಡನ ಉತ್ತರ. ದೀಪದ ಬುಡದಲ್ಲೇ ಕತ್ತಲೆ ಎಂದು ನಾವು ನಗುತ್ತಿದ್ದೆವು. ಅತ್ತಿಗೆ ಮಾತ್ರ ನಗುತ್ತಿರಲಿಲ್ಲ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ಧ್ವನಿ ಪಿಸುಮಾತಿಗೆ ಇಳಿಯಿತು, ಹಾಡು ನಿಂತೇಹೋಯಿತು.

ಕಳೆದ ತಿಂಗಳು ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಅತ್ತಿಗೆಯ ಹಾಡಿನ ಒಂದೇ ಒಂದು ಸುರುಳಿ ಸಿಕ್ಕಿತು. ಅದರ ಲೇಪ ಪುಡಿಯಾಗಿ ಉದುರುತ್ತಿತ್ತು. ಒಮ್ಮೆ ಓಡಿಸಿದರೆ ಮತ್ತೊಮ್ಮೆ ಓಡದು. ಆ ಒಂದು ಓಟದಲ್ಲಿ ಧ್ವನಿಯ ಮಟ್ಟ ತಪ್ಪಿದರೆ ಹಾಡು ಕೆಟ್ಟಂತೆಯೇ. ಅಂಥ ಕೆಲಸಕ್ಕೆ ಮುಳ್ಳಣ್ಣನವರ ಕೈಯನ್ನಲ್ಲದೆ ಬೇರೆ ಕೈಯನ್ನು ನಾವು ನಂಬುವವರಲ್ಲ. ಅತ್ತಿಗೆಯನ್ನೂ ಕರೆಸಿದೆವು. ಮುಳ್ಳಣ್ಣನವರು ಸುರುಳಿ ಏರಿಸಿ, ಯಂತ್ರದ ಹೆಡ್ ಒರೆಸಿ, ಕುರ್ಚಿಯಿಂದ ಎದ್ದುಬಿಟ್ಟರು.

“ಮುಳ್ಳು ನೀನು ನೋಡ್ಕೋಪ್ಪ. ನಾನು ಇವಳ ಪಕ್ಕ ಕೂತ್ಕೋತೀನಿ.”

ನಾನು ಅವರ ಕುರ್ಚಿಯಲ್ಲಿ ಕೂತೆ. ಹಾಡು ಮುಗಿಯುವವರೆಗೂ ಮೀಟರ್ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹಾಡು ಹೇಗಿತ್ತೆಂದು ಕೇಳಿದರೆ ಈಗ ನಾನೂ ಹೇಳಲಾರೆ. ಟೇಪು ಹೋಯಿತು, ಹಾಡು ಉಳಿಯಿತು. ತಿರುಗಿ ನೋಡಿದರೆ ಮುಳ್ಳಣ್ಣನವರ ಕಣ್ಣು ತುಂಬಿತ್ತು.

“ಇಷ್ಟು ಚೆನ್ನಾಗಿ ಹಾಡ್ತಿದ್ಯಾ? ನನಗೆ ಯಾರೂ ಹೇಳ್ಲೇ ಇಲ್ವಲ್ಲ” ಎಂದರು.

“ಹೇಗಿತ್ತು ಅಂತ ನಾನು ಕೇಳ್ತಾನೇ ಇದ್ನಲ್ಲ” ಎಂದು ಅತ್ತಿಗೆ ಪಿಸುದನಿಯಲ್ಲಿ ಅಂದರು. ಅದು ಕೇಳಿಸದೆ ಅವರು ಇನ್ನಷ್ಟು ಹತ್ತಿರ ಸರಿದು ಬಾಗಿದರು.

ಮುಳ್ಳಣ್ಣನವರು ನೂರ್ಕಾಲ ಬಾಳಲಿ. ಕೈಗೆ ಕೆಲಸ ಬೇಕೆನಿಸಿದರೆ ನಮ್ಮ ಬಾಗಿಲು ತೆರೆದೇ ಇದೆ. ಆದರೆ ಅವಸರವೇನೂ ಬೇಡ. ಮನೆಯಲ್ಲಿ ಪಿಸುಮಾತು ಕೇಳುವ ಕೆಲಸವಿದೆ, ಅದಕ್ಕೆ ಪಕ್ಕದಲ್ಲೇ ಕೂರಬೇಕು.