ಜರಿ ಉಟ್ಟ ರಾಕೆಟ್

ಮೊನ್ನೆ ಬೆಳಿಗ್ಗೆ ವಿಜಾಪುರ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ಒಬ್ಬಾತ ಗೋಡೆಗೆ ಜಾಹೀರಾತಿನ ಕಾಗದ ಅಂಟಿಸುತ್ತಿದ್ದ. ಅವನ ಡಬ್ಬಿಯಿಂದ ಹುಳಿ ಬಂದ ಖಳದ ವಾಸನೆ. ಮೈದಾಹಿಟ್ಟು ಕುದಿಸಿ ಮಾಡುವ ಅಂಟಿಗೆ ನಮ್ಮ ಕಡೆ ಖಳ ಎನ್ನುತ್ತೇವೆ. ಅದೇನು ನಿಂತು ಆಘ್ರಾಣಿಸುವಂಥ ಸುಗಂಧವಲ್ಲ. ಆದರೂ ನಾನು ನಿಂತುಬಿಟ್ಟೆ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಎಪ್ಪತ್ತರ ದಶಕದ ತನಕ ಕರೆದುಕೊಂಡು ಹೋಗಬೇಕು. ಪುರುಸೊತ್ತಿದ್ದರೆ ಬನ್ನಿ.

ಸಿದ್ಧಾರಾಮ ನನ್ನ ಓರಗೆಯವನು. ಅವನ ತಂದೆ ಶಿವಲಿಂಗಪ್ಪನವರಿಗೆ ಸೊಲ್ಲಾಪುರದಲ್ಲಿ ಸೀರೆ ಅಂಗಡಿ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಆ ಅಂಗಡಿಯಲ್ಲಿ ನಾನು ಸೀರೆ ಬಿಚ್ಚಿ ತೋರಿಸುವವನು, ಸಿದ್ಧಾರಾಮ ಗಾದಿಗೆ ಹುಟ್ಟಿದವನು. ಆದರೆ ಅವನು ಗಾದಿಯ ಮೇಲೆ ಕೂತರೂ ತೊಡೆಯ ಮೇಲೊಂದು ಬಿಚ್ಚಿದ ಟ್ರಾನ್ಸಿಸ್ಟರ್ ಇರುತ್ತಿತ್ತು. ಗಿರಾಕಿ ಹೆಂಗಸೊಬ್ಬಳು ಸೆರಗಿನ ಬಣ್ಣ ಕೇಳಿದರೆ ಇವನು ತಲೆ ಎತ್ತದೆ, "ಸೆಲ್ ಬದಲಿ ಮಾಡೀರೇನ್ರಿ?" ಎಂದಿದ್ದನಂತೆ.

ವಿಜಾಪುರ ರಸ್ತೆಯಲ್ಲಿ ಅವರದೊಂದು ಖಾಲಿ ಕೋಣೆಯಿತ್ತು. ಅಲ್ಲಿ ರೇಡಿಯೋ ದುರಸ್ತಿಯ ಅಂಗಡಿ ಇಡಬೇಕೆಂದು ಅವನ ಹಟ. "ಸತ್ತ ಡಬ್ಬಿ ಎಬ್ಬಿಸೂದು ಒಂದ್ ಧಂದೇನೋ?" ಎಂದು ಕಾಕಾನ ಹಟ. ಹೀಗೆ ಅಪ್ಪ ಮಗನ ಮಾತು ನಿಂತು ಆರು ತಿಂಗಳಾಗಿತ್ತು. "ಅವಂಗ ಊಟಕ್ಕ ಬಾ ಅನ್ನು", "ಹಸಿವಿಲ್ಲ ಅಂತ ಹೇಳು" ಎಂಬ ಸಂದೇಶಗಳೆಲ್ಲ ಒಂದೇ ಪಡಸಾಲೆಯಲ್ಲಿ ನನ್ನ ಮೂಲಕ ಹಾದುಹೋಗುತ್ತಿದ್ದವು.

ಆ ಕಾಲದಲ್ಲಿ ಸಿದ್ಧಾರಾಮನ ತಲೆಗೆ ರಾಕೆಟ್ ಹೊಕ್ಕಿತು. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಯಂತ್ರ; ಅದು ಆಕಾಶದಿಂದ ಕೂಗಿದರೆ ನೆಲದ ಮೇಲಿನ ರೇಡಿಯೋದಲ್ಲಿ ಕೇಳಬೇಕು. ಸುದ್ದಿ ತಿಳಿದ ಕಾಕಾ ನನ್ನನ್ನು ಕರೆದ. "ಹೇಳು ಅವಂಗ. ಮ್ಯಾಲಿಂದ ಅದು ಕೂಗಿದ್ದು ನನ್ನ ಕಿವಿಲೆ ಕೇಳಿದ್ರ ಆ ಖೋಲಿ ಅವಂದು. ಇಲ್ಲಂದ್ರ ಯುಗಾದಿ ಪಾಡ್ಯಾದಿಂದ ಸುಮ್ಮ ಬಂದು ಗಾದಿ ಮ್ಯಾಲ ಕೂಡಬೇಕು. ಮತ್ತ ರೇಡಿಯೋದ ಮಾತು ತಗೀಬಾರದು."

ಸೀರೆಯ ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಯೇ ರಾಕೆಟ್ಟಿನ ಮೈಯಾಯಿತು. ಮದ್ದಿನ ಕೆಲಸ ದೀಪಾವಳಿಯ ಬಾಣ ಮಾಡುವ ಮುದುಕನೊಬ್ಬನದು. ನಾವಿಬ್ಬರು ಜಗಳಾಡಿದ್ದು ಆಂಟೆನಾದ ಬಗ್ಗೆ. ಕೂಗು ಹೊರಬೀಳಲು ಒಂದು ತಂತಿ ಬೇಕಲ್ಲ, ಅದು ಎಲ್ಲಿರಬೇಕು? ನಾನು ಸೈಕಲ್ ಕಡ್ಡಿ ಸೂಚಿಸಿದೆ.

"ಕಡ್ಡಿ ಒಂದ್ ಬಾಜೂಕ ಚಾಚಿದ್ರ ರಾಕೆಟ್ಟೂ ಆ ಬಾಜೂಕೇ ತಿರಗತದ. ಸೀದಾ ನಿನ್ನ ತಲಿಗೇ ಬರ್ತದ ನೋಡು."

ಹಾಗಾದರೆ ಹಿಂದೆ ಉದ್ದ ತಂತಿ ಬಾಲದಂತೆ ಬಿಡು ಎಂದೆ.

"ಬಾಲಕ್ಕ ಬೆಂಕಿ ಹತ್ತಿದ್ರ? ಹಣಮಪ್ಪನ್ ಮಾಡಾಂವ ಇದ್ದೀ ಏನ್ ಅದನ್ನ?"

ಕಡೆಗೆ ಸಣ್ಣ ತಾಮ್ರದ ತಂತಿಯನ್ನು ಕೊಳವೆಯ ಒಳಗೋಡೆಗೇ ಅಂಟಿಸಿದ, ಬ್ಯಾಟರಿಯಿಂದ ನಾಲ್ಕು ಬೆರಳು ದೂರ. ಒಳಗಿದ್ದರೆ ಕೂಗು ಹೊರಬರುವುದು ಹೇಗೆ ಎಂದರೆ, "ರಟ್ಟು ಅಂದ್ರ ರೇಡಿಯೋಕ್ಕ ಕಾಜಿನ ಕಿಡಕಿ ಇದ್ದಾಂಗ, ಹಾಯ್ದು ಹೋಗ್ತದ. ಲೋಹ ಅಂದ್ರ ಗ್ವಾಡಿ. ಅದರ ಸುತ್ತ ಒಂದ್ ಮೊಳೀನೂ ತರಬ್ಯಾಡ," ಎಂದ. ನಾನು ಪಂಡಿತನಂತೆ ತಲೆಯಾಡಿಸಿದೆ.

ಹಾರಿಸುವುದು ಹನ್ನೂರು ಎಂಬ ಹಳ್ಳಿಯ ಹೊಲದಲ್ಲಿ, ಜೋಳ ಕೊಯ್ದು ಬಯಲಾದ ಮೇಲೆ. ನೆಲ ಹದ ಮಾಡಲು ಸಿದ್ಧಾರಾಮ ಮುಂಚೆಯೇ ಬಸ್ಸಿನಲ್ಲಿ ಹೋದ. ರಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ನಾನು ಕಾಕಾನ ಜೀಪಿನಲ್ಲಿ ಹೊರಟೆ. ಅಕ್ಕಲಕೋಟದಲ್ಲಿ ಕಾಕಾ ದರ್ಶನಕ್ಕೆಂದು ಇಳಿದವನು ಚೀಲದಿಂದ ಸೀರೆಯ ಒಂದು ತುಂಡು ತೆಗೆದ. ಮೈತುಂಬ ಜರಿ, ಅಂಗಡಿಯಲ್ಲೇ ಮೇಲಾದದ್ದು.

"ಹೊಸಾ ಕೆಲಸಕ್ಕ ಹೊಂಟದ. ಬೋಳ ಮೈಲೆ ಕಳಸ್ತಾರೇನೋ? ನನ್ನ ಆಯೇರಿ ಅಂತ ಉಡಸು ಇದಕ್ಕ."

ಶುಭಕಾರ್ಯಕ್ಕೆ ಕೊಡುವ ಬಟ್ಟೆಯೇ ಆಯೇರಿ. ಅದನ್ನು ಬೇಡವೆಂದರೆ ನಮ್ಮಲ್ಲಿ ಕೊಟ್ಟವರನ್ನೇ ಬೇಡವೆಂದಂತೆ. ಆರು ತಿಂಗಳ ಮೇಲೆ ಕಾಕಾ ಕರಗಿದ್ದು ಕಂಡು ನನ್ನ ಕಣ್ಣು ಹನಿಗೂಡಿತು. ಅವನು ಗುಡಿಯೊಳಗೆ ಹೋದೊಡನೆ, ಪುಸ್ತಕ ಕಟ್ಟುವವನೊಬ್ಬನ ಬಳಿ ಖಳ ಇಸಿದುಕೊಂಡು, ಕತ್ತಿನಿಂದ ಬುಡದ ತನಕ ಒಂದು ಸುಕ್ಕಿಲ್ಲದಂತೆ ಅಂಟಿಸಿದೆ. "ಇದರಾಗ ಅಸಲ ಬೆಳ್ಳಿ ಎಳಿ ಅದರಿ" ಎಂದು ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುತ್ತಿದ್ದ ಬಾಯಿ ಇದೇ. ಆದರೂ ಜರಿ ಲೋಹವೆಂದು ಆ ಹೊತ್ತಿಗೆ ಹೊಳೆಯಲಿಲ್ಲ. ಅರಿವೆ ಮಾರುವವನಿಗೆ ಜರಿಯೂ ಅರಿವೆಯೇ.

ಹೊಲದಲ್ಲಿ ಸಿದ್ಧಾರಾಮ ಯಂತ್ರ ಚಾಲೂ ಮಾಡಿದ. ರೇಡಿಯೋದಲ್ಲಿ ಬರೀ ಸುಯ್ ಎಂಬ ಸದ್ದು. ಸೆಲ್ ಬದಲಿಸಿದ, ಬೆಸುಗೆ ಜಗ್ಗಿ ನೋಡಿದ. ಆಮೇಲೆ ಅವನ ಕೈ ಜರಿಯ ಮೇಲೆ ಬಂದು ನಿಂತಿತು. ಬೆರಳುಗಳು ಅಂಚನ್ನು ಹಿಡಿದವು. ಆಗ ನನಗೂ ತಿಳಿಯಿತು: ಜರಿ ಎಂದರೆ ಲೋಹ, ಲೋಹವೆಂದರೆ ಗೋಡೆ.

"ನನ್ನ ಆಯೇರಿ," ಎಂದ ಕಾಕಾ ಹಿಂದಿನಿಂದ. ಆರು ತಿಂಗಳಲ್ಲಿ ಮಗನಿಗೆ ನೇರವಾಗಿ ಆಡಿದ ಮೊದಲ ಮಾತು.

ಅಂಟಿಸಿದವನು ನಾನು, ಹರಿದುಬಿಡು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಸಿದ್ಧಾರಾಮ ಅಪ್ಪನ ಮುಖ ನೋಡಿದ, ಅಂಚು ಬಿಟ್ಟ. "ಭಾಳ ಚಂದ ಅದರಿ ಅಪ್ಪಾ," ಎಂದ. ನನ್ನತ್ತ ತಿರುಗಿ, "ಚಾಕು ಕೊಡು," ಎಂದ.

ಜರಿಗೆ ಚಾಕು ತಾಗಿಸಲಿಲ್ಲ. ರಾಕೆಟ್ಟಿನ ತಲೆಯ ಟೋಪಿ ತೆಗೆದು, ಒಳಗೋಡೆಯ ತಂತಿಯನ್ನು ತುದಿಯಿಂದ ಮೆಲ್ಲಗೆ ಎಬ್ಬಿಸಿದ. ಮೇಲೆ ಹೋಗಿ ಟೋಪಿ ಕಳಚಿದಾಗ ಹೊರಬಂದು ಬಿಚ್ಚಿಕೊಳ್ಳಲೆಂದು ಕೊಡೆಬಟ್ಟೆಯ ಒಂದು ಛತ್ರಿ ಒಳಗೆ ಮಡಚಿಟ್ಟಿತ್ತು. ಅದರೊಡನೆ ತಾನೂ ಹೊರಬರುವಂತೆ ತಂತಿಯನ್ನು ಅದರ ದಾರಕ್ಕೆ ಜೋಡಿಸಿ ಕಟ್ಟಿ, ಮತ್ತೆ ತುಂಬಿ ಮುಚ್ಚಿದ. ಅವನ ಹಣೆಯ ಬೆವರು ಜರಿಯ ಮೇಲೆ ಬೀಳುತ್ತಿತ್ತು.

ರಾಕೆಟ್ ಮಿರಮಿರ ಮಿಂಚುತ್ತ ಏರಿತು. ಕಾಕಾ ಬಗ್ಗಿ ರೇಡಿಯೋಕ್ಕೆ ಕಿವಿ ಕೊಟ್ಟಿದ್ದ. ಸುಯ್ ಎಂಬುದರ ಹೊರತು ಏನಿಲ್ಲ. ಅದು ಚುಕ್ಕೆಯಾಯಿತು, ಏನಿಲ್ಲ. ಕಾಕಾ ಬೆನ್ನು ನೇರ ಮಾಡಿ, "ನಡೀರಿ ಇನ್ನ," ಎಂದು ಜೀಪಿನ ಕಡೆ ಎರಡು ಹೆಜ್ಜೆ ಹಾಕಿದ. ಸಿದ್ಧಾರಾಮ ಮಾತ್ರ ಆಕಾಶದಿಂದ ಕಣ್ಣು ಕೀಳಲಿಲ್ಲ. ಮೇಲೆ ಕರಿಯ ಛತ್ರಿ ಬಿಚ್ಚಿಕೊಂಡಿತು. ರೇಡಿಯೋ ಕೆಮ್ಮಿದಂತಾಗಿ, "ಕುಂಯ್... ಕುಂಯ್..." ಎಂದಿತು.

ಕಾಕಾ ಬಿಳಿ ಧೋತರದಲ್ಲಿ ಜೋಳದ ಕೂಳೆಯ ನಡುವೆಯೇ ಕೂತುಬಿಟ್ಟ. ಅದು ನೆಲಕ್ಕೆ ಬರುವ ತನಕ ಕೇಳಿದ. "ಹೋಗುವಾಗ ಯಾಕ ಬಾಯಿ ಮುಚ್ಚಿತ್ತೋ?"

"ನಿಮ್ಮ ಜರಿ ದಾಟಿ ಬರಾಕ ಆಗಲಿಲ್ಲರಿ."

ನಾನು ಎತ್ತಿ ತಂದ ರಾಕೆಟ್ಟಿನ ಜರಿಯನ್ನು ಕಾಕಾ ಎರಡು ಬೆರಳಲ್ಲಿ ತಿಕ್ಕಿ ನೋಡಿದ. "ಹ್ಯಾಂಗ ಬರ್ತದ ಮಗನ? ಅಸಲ ಮಾಲ ಐತಿ!" ಎಂದ. ಖೋಲಿಯ ಕೀಲಿ ಮರುದಿನ ಸಿದ್ಧಾರಾಮನ ಕೈ ಸೇರಿತು.

ಕಾಕಾ ಹೋಗಿ ಎಷ್ಟೋ ವರ್ಷವಾಯಿತು. ಜರಿ ಅಂಟಿಸಿದ ತಪ್ಪು ನನ್ನದೆಂದು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಆ ವಾಸನೆ ಬಡಿದ ಮೇಲೆ, ಇನ್ನು ಅದನ್ನು ಹೊತ್ತು ತಿರುಗುವ ವಯಸ್ಸಲ್ಲವೆಂದು ನೇರ ಸಿದ್ಧಾರಾಮನ ಅಂಗಡಿಗೆ ಹೋದೆ. ಈಗ ಅಲ್ಲಿ ದುರಸ್ತಿಗೆ ಬರುವ ರೇಡಿಯೋ ಅಪರೂಪ. ಅವನು ಮಾತ್ರ ತಪ್ಪದೆ ಬರುತ್ತಾನೆ. ಚಹಾ ತರಿಸಿದ. ನಾನು ಹನ್ನೂರಿನ ಹೆಸರೆತ್ತಿದ್ದೇ ತಡ, ಅವನೇ ಶುರುಮಾಡಿದ.

"ಅವತ್ತ ಆ ಜರಿ ಹರಿಯಾಕ ಕೈ ಹಾಕಿದ್ದೆ ನೋಡು. ಆದ್ರ ಒಂದ್ ಸುಕ್ಕಿಲ್ಲ, ಒಂದ್ ಗುಳ್ಳಿಲ್ಲ. ನನ್ನ ಸಾಮಾನ ಒಮ್ಮಿನೂ ಮುಟ್ಟದ ಅಪ್ಪಾ ಕೂತು ತನ್ನ ಕೈಯಾರೆ ಅಂಟಿಸ್ಯಾನ. ಹ್ಯಾಂಗ ಹರೀಲಿ? ಆಮ್ಯಾಲೆ ಅಂವ ಎಷ್ಟ್ ಬೈದ್ರೂ ನನಗ ಅದೇ ನೆನಪಾಗ್ತಿತ್ತು."

ಅವನ ಕಣ್ಣು ತುಂಬಿತ್ತು. ನಾನು ಚಹಾದ ಬಟ್ಟಲು ಎತ್ತಿಕೊಂಡೆ.

"ನೀ ಏನೋ ಹೇಳಾಕ ಬಂದಾಂಗಿತ್ತಲ್ಲ?" ಎಂದ.

"ಅದನ್ನೇ," ಎಂದೆ. "ಕಾಕಾನ ಕೈ ಭಾಳ ಸಾಫ್ ಇತ್ತು."